ಹಡಗಿನಲ್ಲಿ ಪೆಟ್ಟಾದರೆ ಪರಿಹಾರ: ಪ್ರಯಾಣಿಕರ ಕ್ಲೇಮ್ ಕಟ್ಟುವಾಗ ನಾನು ಅನುಸರಿಸುವ ಕ್ರಮ

ಪ್ರಯಾಣಿಕರ ಪರವಾಗಿ ಹಡಗು ಕಂಪನಿಗಳಿಂದ ಪರಿಹಾರ ಕೊಡಿಸುವ ಕೆಲಸ ನನ್ನದು. ಹೊಸ ಫೈಲ್ ತೆರೆದಾಗ ಗಾಯದ ವಿವರಕ್ಕಿಂತ ಮೊದಲು ಎರಡನ್ನು ನೋಡುತ್ತೇನೆ: ಪ್ರಯಾಣಿಕರು ಹಡಗಿನಿಂದ ಇಳಿದ ತಾರೀಕು ಮತ್ತು ಟಿಕೆಟ್ಟಿನ ಷರತ್ತುಗಳು. ಪ್ರಕರಣ ಎಷ್ಟೇ ಗಟ್ಟಿಯಾಗಿದ್ದರೂ ಅವಧಿ ಮೀರಿದ್ದರೆ ಉಳಿದದ್ದಕ್ಕೆಲ್ಲ ಬೆಲೆಯಿಲ್ಲ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ ಸಾಮಾನ್ಯವಾಗಿ ಲಾಗುವಾಗುವುದು 1974ರ ಅಥೆನ್ಸ್ ಒಪ್ಪಂದ, ಅಂದರೆ ಪ್ರಯಾಣಿಕರಿಗೂ ಅವರ ಸಾಮಾನಿಗೂ ಆಗುವ ಹಾನಿಗೆ ಹಡಗು ಕಂಪನಿಯ ಹೊಣೆ ಎಷ್ಟೆಂದು ಹೇಳುವ ದೇಶಗಳ ನಡುವಿನ ಒಪ್ಪಂದ. ಇದನ್ನು ಬಲಪಡಿಸಿದ 2002ರ ಪ್ರೋಟೋಕಾಲ್ (ತಿದ್ದುಪಡಿ ಒಪ್ಪಂದ) 2014ರ ಏಪ್ರಿಲ್ 23ರಂದು ಜಾರಿಗೆ ಬಂತು. ಹಡಗಿನ ಧ್ವಜ, ಟಿಕೆಟ್ ಒಪ್ಪಂದ ಆದ ಜಾಗ, ಹೊರಟ ಅಥವಾ ತಲುಪಬೇಕಿದ್ದ ಬಂದರು, ಇವುಗಳಲ್ಲಿ ಒಂದಾದರೂ ಒಪ್ಪಂದಕ್ಕೆ ಸೇರಿದ ದೇಶದ್ದಾಗಿದ್ದರೆ ಸಾಕು. ಯಾವ ದೇಶ 2002ರ ಪ್ರೋಟೋಕಾಲ್ ಒಪ್ಪಿದೆ, ಯಾವುದು ಹಳೆಯದರಲ್ಲೇ ಉಳಿದಿದೆ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಪರಿಶೀಲಿಸಬೇಕು. ಹಳೆಯದರಲ್ಲಿ ಸಾವು ಅಥವಾ ಗಾಯಕ್ಕೆ ಮಿತಿ ಒಬ್ಬರಿಗೆ 46,666 ಎಸ್‌ಡಿಆರ್, ಹೊಸದರಲ್ಲಿ 4,00,000. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಸೇರಿ ಅದರ ಬೆಲೆ ನಿರ್ಧಾರವಾಗುತ್ತದೆ.

ಇಡೀ ಪ್ರಕರಣದ ದಿಕ್ಕು ನಿರ್ಧಾರವಾಗುವುದು ಒಂದೇ ಪ್ರಶ್ನೆಯಲ್ಲಿ: ಇದು ಹಡಗಿಗೆ ಸಂಬಂಧಿಸಿದ ಅವಘಡವೋ ಅಲ್ಲವೋ? ಹಡಗು ಒಡೆಯುವುದು, ಮಗುಚುವುದು, ಡಿಕ್ಕಿ, ನೆಲ ತಾಗಿ ಸಿಕ್ಕಿಕೊಳ್ಳುವುದು, ಸ್ಫೋಟ, ಬೆಂಕಿ ಮತ್ತು ಹಡಗಿನಲ್ಲಿನ ದೋಷ ಮೊದಲ ಗುಂಪು. 2002ರ ಪ್ರೋಟೋಕಾಲ್ ಪ್ರಕಾರ ಇಲ್ಲಿ ಕಂಪನಿಯ ತಪ್ಪನ್ನು ನಾವು ತೋರಿಸಬೇಕಿಲ್ಲ. 2,50,000 ಎಸ್‌ಡಿಆರ್‌ವರೆಗೆ ಹೊಣೆ ನೇರ. ಯುದ್ಧ, ಎದುರಿಸಲಾಗದ ಅಸಾಧಾರಣ ಪ್ರಕೃತಿ ವಿಕೋಪ, ಮೂರನೆಯವರು ಬೇಕೆಂದೇ ಎಸಗಿದ ಕೃತ್ಯ, ಇಷ್ಟೇ ವಿನಾಯಿತಿ. ಅದಕ್ಕಿಂತ ಮೇಲೆ 4,00,000ದವರೆಗೆ ತನ್ನ ತಪ್ಪಿಲ್ಲವೆಂದು ಸಾಬೀತು ಮಾಡುವ ಹೊಣೆ ಕಂಪನಿಯದೇ. ಎರಡನೇ ಗುಂಪಿನಲ್ಲಿ, ಅಂದರೆ ಒದ್ದೆ ಡೆಕ್‌ನಲ್ಲಿ ಜಾರುವುದು, ಊಟದ ಹಾಲ್‌ನ ಮೆಟ್ಟಿಲಲ್ಲಿ ಎಡವುವುದು ಇಂಥವುಗಳಲ್ಲಿ, ಕಂಪನಿಯ ಅಥವಾ ಅದರ ಸಿಬ್ಬಂದಿಯ ತಪ್ಪನ್ನು ನಾವೇ ರುಜುವಾತು ಮಾಡಬೇಕು.

ಬಹಳಷ್ಟು ಜನ ಗಮನಿಸದೆ ಬಿಡುವುದು ‘ದೋಷ’ ಎಂಬುದರ ವ್ಯಾಪ್ತಿಯನ್ನು. ಇಂಜಿನ್, ಚುಕ್ಕಾಣಿಗಳಷ್ಟೇ ಅಲ್ಲ, ಪ್ರಯಾಣಿಕರು ಹತ್ತಿಳಿಯಲು ಬಳಸುವ ಸಲಕರಣೆ ಕೆಟ್ಟರೂ, ಸುರಕ್ಷತಾ ನಿಯಮಕ್ಕೆ ತಕ್ಕಂತಿಲ್ಲದಿದ್ದರೂ ಅದು ದೋಷವೇ. ಹಾಗಾಗಿ ಹಡಗು ಹತ್ತಿಳಿಯುವ ಕಾಲುಹಾದಿಯಾದ ಗ್ಯಾಂಗ್‌ವೇಯ ಕೈಹಿಡಿ ಕಿತ್ತುಬಂದು ಬಿದ್ದವರ ಪ್ರಕರಣವನ್ನು ‘ಜಾರಿ ಬಿದ್ದದ್ದು’ ಎಂದು ಬರೆದರೆ ಸಾಬೀತಿನ ಭಾರವನ್ನು ನಾವೇ ಮೈಮೇಲೆ ಎಳೆದುಕೊಂಡಂತೆ. ನಾನು ಮೊದಲ ಪತ್ರದಲ್ಲೇ ಅದನ್ನು ದೋಷವೆಂದು ಹೆಸರಿಸಿ ಗ್ಯಾಂಗ್‌ವೇಯ ತಪಾಸಣೆ, ದುರಸ್ತಿ ದಾಖಲೆ ಕೇಳುತ್ತೇನೆ. ಜಾಗವೂ ಮುಖ್ಯ. ಕಂಪನಿಯೇ ಒದಗಿಸಿದ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುವುದು ಪ್ರಯಾಣದ ಭಾಗ. ಟರ್ಮಿನಲ್ ಕಟ್ಟಡದಲ್ಲೋ ಹಡಗು ನಿಲ್ಲುವ ಕಟ್ಟೆಯ ಮೇಲೋ ಬಿದ್ದರೆ ಅದು ಈ ಒಪ್ಪಂದದ ಹೊರಗೆ.

ಜಾರಿ ಬಿದ್ದ ಪ್ರಕರಣದಲ್ಲಿ ಗೆಲುವು ಸೋಲು ಮೊದಲ ವಾರದ ಪುರಾವೆಯ ಮೇಲೆ ನಿಂತಿರುತ್ತದೆ. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಕಾಯ್ದಿಡುವಂತೆ ಲಿಖಿತ ಸೂಚನೆ ಹೋಗಬೇಕು: ಡೆಕ್ ಸಂಖ್ಯೆ, ಗಂಟೆ, ಹತ್ತಿರದ ಬಾಗಿಲು, ಹಿಂದು ಮುಂದಿನ ಒಂದೊಂದು ಗಂಟೆಯ ದೃಶ್ಯ ಎಂದು ಬಿಡಿಸಿ. ಜೊತೆಗೆ ಕೇಳುವುದು ಆ ಜಾಗದ ಸ್ವಚ್ಛತಾ ದಾಖಲೆ, ಹಿಂದೆ ಅಲ್ಲೇ ಬಿದ್ದವರ ನಮೂದು, ಆ ಹೊತ್ತಿನ ಹವಾಮಾನ ಕುರಿತ ಲಾಗ್‌ಬುಕ್ ಪುಟ. ಹಡಗು ಹಠಾತ್ತನೆ ವಾಲಿ ಬಿದ್ದಿದ್ದರೆ ಯಾನದ ಮಾಹಿತಿ ರೆಕಾರ್ಡರ್ ಕೂಡ ಬೇಕು. ಹಳೆಯ ಯಂತ್ರಗಳು 12 ಗಂಟೆಯ ಮಾಹಿತಿಯನ್ನಷ್ಟೇ ಹಿಡಿದಿಡಬೇಕಿತ್ತು, ಆದ್ದರಿಂದ ಹಡಗಿನಲ್ಲಿರುವಾಗಲೇ ಅಧಿಕಾರಿಗೆ ಹೇಳಿ ಉಳಿಸಿಕೊಳ್ಳುವುದೊಳಿತು. ಹಡಗಿನ ವೈದ್ಯರ ಬಳಿ ಕೊಡುವ ಮೊದಲ ಹೇಳಿಕೆಯನ್ನು ಓದದೆ ಸಹಿ ಮಾಡಬಾರದು. ‘ಅವಸರದಲ್ಲಿದ್ದೆ’ ಎಂಬ ಒಂದು ಪದ ಅಲ್ಲಿದ್ದರೆ ಪ್ರಯಾಣಿಕರದ್ದೂ ತಪ್ಪಿದೆ ಎಂದು ಪರಿಹಾರ ಕಡಿತಗೊಳಿಸಲು ಅದೇ ಆಧಾರವಾಗುತ್ತದೆ. ಅಂದು ತೊಟ್ಟಿದ್ದ ಚಪ್ಪಲಿಯನ್ನು ತೊಳೆಯದೆ ಚೀಲದಲ್ಲಿ ಕಟ್ಟಿಡಿ. ಅಟ್ಟೆಯ ಸವೆತ ಎದುರು ಪಕ್ಷದ ಮೊದಲ ವಾದ.

ಕಾಲಮಿತಿ ಎರಡು ವರ್ಷ. ಗಾಯಕ್ಕೆ ಎಣಿಕೆ ಹಡಗಿನಿಂದ ಇಳಿದ ದಿನದಿಂದ. ಪ್ರಯಾಣದಲ್ಲೇ ಸಾವಾದರೆ, ಅವರು ಇಳಿಯಬೇಕಿದ್ದ ದಿನದಿಂದ. ಆದರೂ ಡೈರಿಯಲ್ಲಿ ನಾನು ಗುರುತು ಹಾಕುವುದು ಘಟನೆಯ ದಿನದಿಂದಲೇ, ಆಗ ವಾದಕ್ಕೆ ಎಡೆ ಉಳಿಯುವುದಿಲ್ಲ. ಮಾತುಕತೆ ನಡೆಯುತ್ತಿದೆ ಎಂದು ಗಡಿಯಾರ ನಿಲ್ಲುವುದಿಲ್ಲ. ಅವಧಿ ವಿಸ್ತರಣೆ ಲಿಖಿತವಾಗಿರಬೇಕು, ಮತ್ತು ಟಿಕೆಟ್ ಕೊಟ್ಟ ಕಂಪನಿ, ಹಡಗು ನಡೆಸಿದ ಕಂಪನಿ ಇಬ್ಬರ ಹೆಸರೂ ಅದರಲ್ಲಿರಬೇಕು. ಅಮೆರಿಕದ ಬಂದರಿನಿಂದ ಹೊರಡುವ ಕ್ರೂಸ್‌ಗಳ ಮಾತು ಬೇರೆ: ಅಲ್ಲಿನ ಕಾನೂನಿನಡಿ ಟಿಕೆಟ್ ಷರತ್ತಿನಿಂದಲೇ ಗಾಯದ ನೋಟಿಸಿಗೆ 6 ತಿಂಗಳು, ದಾವೆಗೆ 1 ವರ್ಷದವರೆಗೆ ಅವಧಿ ಇಳಿಸಬಹುದು. ಯಾವ ಊರಿನ ಕೋರ್ಟ್ ಎಂಬ ಷರತ್ತನ್ನೂ ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲಿ ಎತ್ತಿಹಿಡಿದಿದೆ.

ಸಾಮಾನಿನ ವಿಷಯಕ್ಕೆ ಬಂದರೆ, ಕಣ್ಣಿಗೆ ಕಾಣುವ ಹಾನಿಯನ್ನು ಕ್ಯಾಬಿನ್ ಸಾಮಾನಾದರೆ ಇಳಿಯುವಾಗ, ಉಳಿದದ್ದಾದರೆ ವಾಪಸ್ ಪಡೆಯುವಾಗಲೇ ಬರೆದುಕೊಡಬೇಕು. ಕಾಣದ್ದಕ್ಕೆ, ಕಳೆದುಹೋದದ್ದಕ್ಕೆ 15 ದಿನ. ಬರೆದುಕೊಡದಿದ್ದರೆ ಸಾಮಾನು ಸರಿಯಾಗಿಯೇ ಕೈಸೇರಿತೆಂದು ಭಾವಿಸಲಾಗುತ್ತದೆ. 2002ರ ಪ್ರೋಟೋಕಾಲ್ ಪ್ರಕಾರ ಕ್ಯಾಬಿನ್ ಸಾಮಾನಿಗೆ ಮಿತಿ 2,250 ಎಸ್‌ಡಿಆರ್, ವಾಹನಕ್ಕೆ 12,700. ಒಡವೆ, ನಗದು ಕಂಪನಿಯ ವಶಕ್ಕೆ ಕೊಟ್ಟಿಟ್ಟಿರದಿದ್ದರೆ ಏನೂ ಸಿಗದು.

ಕಂಪನಿ ದಿವಾಳಿಯಾದರೂ ಕೈಚೆಲ್ಲಬೇಡಿ. ಪ್ರೋಟೋಕಾಲ್ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರಿಗೆ ಪರವಾನಗಿ ಇರುವ ಹಡಗಿಗೆ ವಿಮೆ ಕಡ್ಡಾಯ, ಪ್ರಮಾಣಪತ್ರ ಹಡಗಿನಲ್ಲೇ ಇರಬೇಕು, ತಲಾ 2,50,000 ಎಸ್‌ಡಿಆರ್‌ವರೆಗೆ ವಿಮಾದಾರರ ಮೇಲೆ ನೇರವಾಗಿ ದಾವೆ ಹೂಡಬಹುದು. ಯುರೋಪಿಯನ್ ಒಕ್ಕೂಟದ 392/2009 ನಿಯಮದಡಿ ಹಡಗಿನ ಅವಘಡದಲ್ಲಿ ಸಾವಾದರೆ, ಪರಿಹಾರಕ್ಕೆ ಹಕ್ಕುಳ್ಳವರು ಯಾರೆಂದು ಗೊತ್ತಾದ 15 ದಿನದೊಳಗೆ ಕನಿಷ್ಠ 21,000 ಯೂರೋ ಮುಂಗಡ ಬರಬೇಕು. ಅದನ್ನು ಪಡೆದರೆ ಮುಂದಿನ ಹಕ್ಕು ಹೋಗುತ್ತದೆಂದು ಕುಟುಂಬದವರು ಹೆದರುತ್ತಾರೆ. ಹಾಗೇನಿಲ್ಲ, ಅಂತಿಮ ಮೊತ್ತದಲ್ಲಿ ಅದನ್ನು ವಜಾ ಮಾಡಿಕೊಳ್ಳುತ್ತಾರೆ ಅಷ್ಟೇ.

ರಾಜಿಯ ಕಾಗದದಲ್ಲಿ ಎಸ್‌ಡಿಆರ್ ಯಾವ ದಿನದ ದರದಲ್ಲಿ ಎಂಬುದನ್ನು ಬರೆಸಿಕೊಳ್ಳಿ. ತೀರ್ಪಿನ ದಿನ ಅಥವಾ ಇಬ್ಬರೂ ಒಪ್ಪಿದ ದಿನ ಎರಡಕ್ಕೂ ಅವಕಾಶವಿದೆ. ಬಡ್ಡಿ ಮತ್ತು ಕೋರ್ಟ್ ಖರ್ಚು ಈ ಮಿತಿಯೊಳಗೆ ಸೇರುವುದಿಲ್ಲ, ಅವನ್ನು ಪ್ರತ್ಯೇಕ ಸಾಲಿನಲ್ಲಿ ಕೇಳಿ.