ಆರ್‌ಎಕ್ಸ್ 100ಕ್ಕೆ ತಂದ ಹೊಸ ಹೆಡ್, ಸ್ಟಡ್‌ಗಳ ಮೇಲೆ ಬಿಗಿಯಾದರೆ

ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲಿಯೇ ನಿಂತಿದ್ದರೂ ಮಂಗಳೂರು, ಉಡುಪಿಯ ರಸ್ತೆಗಳಲ್ಲಿ ಅದರ ಸದ್ದು ಇನ್ನೂ ಅಡಗಿಲ್ಲ. ಹಳೆಯ ಹೆಡ್ಡಿನ (ಎಂಜಿನ್ ಸಿಲಿಂಡರಿನ ಮೇಲ್ಮುಚ್ಚಳ) ಪ್ಲಗ್ ಥ್ರೆಡ್ ಸವೆದಾಗಲೋ ಫಿನ್ ಮುರಿದಾಗಲೋ ಕಂಪೆನಿಯ ಮೂಲ ಭಾಗ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಹೆಚ್ಚಿನವರು ಬೇರೆ ತಯಾರಕರ ಹೆಡ್ಡನ್ನೇ ತರಿಸಿಕೊಳ್ಳುತ್ತಾರೆ. ಹೀಗೆ ತಂದ ಹೆಡ್, ಅದನ್ನು ಹಿಡಿದಿಡುವ ಉದ್ದ ತಿರುಪು ಸರಳುಗಳಾದ ಸ್ಟಡ್‌ಗಳ ಮೇಲೆ ಅರ್ಧಕ್ಕೆ ಇಳಿದು ನಿಂತುಬಿಡುವುದು ಸಾಮಾನ್ಯ ತೊಂದರೆ. ಆಗ ನಾಲ್ಕು ನಟ್ ಹಾಕಿ ಸ್ಪ್ಯಾನರಿನಿಂದ ಎಳೆದು ಕೂರಿಸುವವರು ಇದ್ದಾರೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಹೆಡ್ ಎಲ್ಲಿ ತಾಗುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಅದು ಗೊತ್ತಾದ ಮೇಲೆ ಉಳಿದ ಕೆಲಸ ಹೆಚ್ಚಾಗಿ ಸಣ್ಣದೇ ಆಗಿರುತ್ತದೆ.

ಎಳೆದು ಕೂರಿಸುವುದರ ಅಪಾಯ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಸ್ಟಡ್‌ನ ಕೆಲಸ ಹೆಡ್ಡನ್ನು ಗ್ಯಾಸ್ಕೆಟ್ಟಿನ (ಹೆಡ್ಡಿಗೂ ಸಿಲಿಂಡರಿಗೂ ನಡುವಿನ ತೆಳು ಹಾಳೆ) ಮೇಲೆ ಒತ್ತಿ ಹಿಡಿಯುವುದು. ರಂಧ್ರವೇ ಸ್ಟಡ್ಡನ್ನು ಕಚ್ಚಿಕೊಂಡರೆ ಟಾರ್ಕ್ ರೆಂಚ್ ತೋರಿಸುವ ಬಿಗಿತದ ಒಂದು ಪಾಲು ಆ ಉಜ್ಜಾಟಕ್ಕೇ ಖರ್ಚಾಗಿ, ಗ್ಯಾಸ್ಕೆಟ್ಟಿಗೆ ತಲುಪಬೇಕಾದ ಒತ್ತಡ ತಲುಪುವುದಿಲ್ಲ. ರೆಂಚ್ ಸರಿಯಾಗಿ ಕ್ಲಿಕ್ ಎನ್ನುತ್ತದೆ, ಆದರೆ ಒಂದು ಮೂಲೆಯಲ್ಲಿ ಹೆಡ್ ಕೂದಲೆಳೆಯಷ್ಟು ಎದ್ದೇ ಇರುತ್ತದೆ. ನಾಲ್ಕು ದಿನ ಓಡಿಸಿದ ಮೇಲೆ ಅಲ್ಲಿಂದಲೇ ಕಪ್ಪು ಎಣ್ಣೆ ಜಿನುಗತೊಡಗುತ್ತದೆ. ಸ್ಟಡ್‌ನ ಬುಡ ಅಲ್ಯೂಮಿನಿಯಂನಲ್ಲಿ ನೆಟ್ಟಿದ್ದರೆ ಅಲ್ಲಿನ ಥ್ರೆಡ್ಡೇ ಕಿತ್ತು ಬರಬಹುದು. ಆಗ ಹೆಡ್ಡಿನ ಬೆಲೆಗಿಂತ ರಿಪೇರಿಯೇ ದುಬಾರಿಯಾಗುತ್ತದೆ. ಹೆಡ್ಡನ್ನು ಬಿಸಿ ಮಾಡಿ ಇಳಿಸುವ ಉಪಾಯವೂ ಬೇಡ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ ಎನ್ನುವುದು ನಿಜ, ಆದರೆ ಬಿಸಿಯಲ್ಲಿ ಇಳಿದ ಹೆಡ್ ತಣಿದಾಗ ಅಷ್ಟೇ ಬಲವಾಗಿ ಸ್ಟಡ್‌ಗಳನ್ನು ಹಿಡಿದುಕೊಳ್ಳುತ್ತದೆ.

ಸರಿಯಾದ ಹೆಡ್ ತಣ್ಣಗಿರುವಾಗ, ಗ್ಯಾಸ್ಕೆಟ್ ಇಲ್ಲದೆಯೇ, ತನ್ನ ಭಾರಕ್ಕೇ ಜಾರಿ ಸಿಲಿಂಡರಿನ ಮೇಲೆ ಕೂರಬೇಕು. ಹಾಗೆ ಕೂರದಿದ್ದರೆ ಮೊದಲು ಹಳೆಯ ಹೆಡ್ಡನ್ನು ಅದೇ ಸ್ಟಡ್‌ಗಳ ಮೇಲೆ ಇಟ್ಟು ನೋಡಿ. ಅದು ಸಲೀಸಾಗಿ ಇಳಿದರೆ ತಪ್ಪು ಹೊಸ ಹೆಡ್ಡಿನದು. ಅದೂ ಬಿಗಿಯಾದರೆ ಸ್ಟಡ್‌ಗಳ ಕಡೆ ಗಮನ ಹರಿಸಿ. ಸ್ಟಡ್‌ಗಳ ನಡುವಿನ ಅಂತರ ಎಲ್ಲ ಕಡೆ ಸಮನಾಗಿದ್ದರೆ ಇನ್ನೊಂದು ಪರೀಕ್ಷೆಯೂ ಸಾಧ್ಯ. ಹೊಸ ಹೆಡ್ಡನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸಿದಾಗ ಬಿಗಿತವೂ ಅದರೊಂದಿಗೆ ತಿರುಗಿದರೆ ರಂಧ್ರದಲ್ಲಿ ದೋಷವಿದೆ, ಮೊದಲಿನ ಸ್ಟಡ್‌ನಲ್ಲೇ ಉಳಿದರೆ ಆ ಸ್ಟಡ್ ಬಾಗಿದೆ ಅಥವಾ ದಪ್ಪಗಾಗಿದೆ.

ತಾಗುವ ಜಾಗವನ್ನು ಕಣ್ಣಾರೆ ನೋಡಲು ಸ್ಟಡ್‌ಗಳಿಗೆ ಬಣ್ಣ ಹಚ್ಚಬೇಕು. ಫಿಟ್ಟರುಗಳು ಬಳಸುವ ನೀಲಿ ಪೇಸ್ಟ್ ಮನೆಯಲ್ಲಿ ಇರುವುದಿಲ್ಲ. ದೀಪದ ಮಸಿಗೆ ಎರಡು ತೊಟ್ಟು ತೆಂಗಿನೆಣ್ಣೆ ಬೆರೆಸಿದರೆ ಅದೇ ಕೆಲಸ ಆಗುತ್ತದೆ. ಹೆಡ್ ಸಿಕ್ಕಿಕೊಳ್ಳುವವರೆಗೆ ಮಾತ್ರ ನೇರವಾಗಿ ಇಳಿಸಿ, ಅಷ್ಟೇ ನೇರವಾಗಿ ಎತ್ತಿ, ರಂಧ್ರಗಳೊಳಗೆ ಟಾರ್ಚ್ ಹಾಯಿಸಿ. ಮಸಿ ಸುತ್ತಲೂ ಅಂಟಿದ್ದರೆ ರಂಧ್ರ ಕಿರಿದಾಗಿದೆ. ಒಂದೇ ಪಕ್ಕಕ್ಕೆ ಅಂಟಿದ್ದರೆ ರಂಧ್ರದ ಸ್ಥಾನ ಸರಿದಿದೆ ಅಥವಾ ಸ್ಟಡ್ ವಾಲಿದೆ. ರಂಧ್ರದ ಬಾಯಲ್ಲಷ್ಟೇ ಗೆರೆ ಮೂಡಿದ್ದರೆ ಡ್ರಿಲ್ ಮಾಡಿದಾಗ ಉಳಿದ ಚೂಪು ಅಂಚೋ ಬಣ್ಣದ ಪದರವೋ ಅಡ್ಡವಾಗಿದೆ. ನಾಲ್ಕೂ ರಂಧ್ರಗಳಲ್ಲಿ ಮಸಿ ಅಂಟದೆಯೂ ಹೆಡ್ ನಿಂತಿದ್ದರೆ ಅಡಚಣೆ ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕರಾವಳಿಯಲ್ಲಿ ಸ್ಟಡ್‌ಗಳನ್ನೇ ಮೊದಲು ಅನುಮಾನಿಸುವುದು ಒಳ್ಳೆಯದು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಉಪ್ಪುಗಾಳಿಗೆ ನಿಲ್ಲುವ ಗಾಡಿಯ ಸ್ಟಡ್‌ಗಳ ನಡುಭಾಗದಲ್ಲಿ ತುಕ್ಕು ಪದರ ಕಟ್ಟುತ್ತದೆ, ಅದರ ಮೇಲೆ ಹಳೆಯ ಹೆಡ್ಡಿನ ಬಿಳಿ ಪುಡಿಯೂ ಅಂಟಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಎಮೆರಿ ಕಾಗದದ ಪಟ್ಟಿಯನ್ನು ಸ್ಟಡ್‌ಗೆ ಸುತ್ತಿ ಎರಡೂ ತುದಿ ಹಿಡಿದು ಎಳೆದಾಡಿದರೆ ಲೋಹ ಹೊಳೆಯುತ್ತದೆ. ಇದಕ್ಕೆ ಮುಂಚೆ ಪಿಸ್ಟನ್ನನ್ನು ಮೇಲಕ್ಕೆ ತಂದು, ಅದರ ಅಂಚಿಗೆ ಗ್ರೀಸ್ ಮೆತ್ತಿ, ಬಟ್ಟೆ ಮುಚ್ಚಿ. ಒಂದು ಎಮೆರಿ ಕಣ ಬೋರಿಗೆ, ಅಂದರೆ ಸಿಲಿಂಡರಿನ ಒಳಕ್ಕೆ, ಬಿದ್ದರೂ ಗೀರು ಶಾಶ್ವತ. ಬಾಗಿದ ಸ್ಟಡ್ಡನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವ ಗೋಜಿಗೆ ಹೋಗದೆ, ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ತಿರುಗಿಸಿ ಹೊರತೆಗೆದು, ಗಾಜಿನ ಮೇಲೆ ಉರುಳಿಸಿ ನೋಡಿ, ಕುಂಟಿದರೆ ಹೊಸದು ಹಾಕಿ.

ದೋಷ ಹೆಡ್ಡಿನದೇ ಎಂದಾದರೆ ಅಳತೆಗೆ ವರ್ನಿಯರ್ ಹಿಡಿಯಬೇಕು. ಈ ಗಾತ್ರದ ಎಂಜಿನ್‌ಗಳಲ್ಲಿ 7 ಅಥವಾ 8 ಮಿ.ಮೀ. ಸ್ಟಡ್ ಸಾಮಾನ್ಯ. 8 ಮಿ.ಮೀ. ಸ್ಟಡ್‌ಗೆ ಬಿಗಿ ಅಳತೆಯ ರಂಧ್ರವೆಂದರೆ 8.4 ಮಿ.ಮೀ., ಸಾಧಾರಣ ಅಳತೆಯೆಂದರೆ 9 ಮಿ.ಮೀ. ಹೊಸ ಹೆಡ್ಡಿನಲ್ಲಿ 8.1 ಅಥವಾ 8.2 ಸಿಕ್ಕಿದರೆ ಕಾರಣ ಅಲ್ಲಿಯೇ ಇದೆ. ಪೌಡರ್ ಕೋಟಿಂಗ್ ಮಾಡಿದ ಹೆಡ್ ಆದರೆ ರಂಧ್ರದೊಳಗಿನ ಬಣ್ಣವನ್ನು ಮೊದಲು ಕೆರೆದು ಆಮೇಲೆ ಅಳೆಯಿರಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ನಟ್ ಕೂರುವ ಜಾಗದ ಬಣ್ಣವನ್ನೂ ತೆಗೆಯಲೇಬೇಕು, ಏಕೆಂದರೆ ಬಿಸಿಗೆ ಅದು ಮೆತ್ತಗಾಗಿ ನಟ್ ತಾನಾಗಿ ಸಡಿಲವಾಗುತ್ತದೆ. ಒಂದೇ ಪಕ್ಕ ತಾಗುವ ರಂಧ್ರಕ್ಕೆ ದುಂಡು ಅರ ಸಾಕು. ಮಸಿ ಅಂಟಿದ ಕಡೆಯಷ್ಟೇ ಉಜ್ಜಿ, ಮತ್ತೆ ಇಳಿಸಿ ನೋಡುತ್ತ ಹೋಗಿ. ಸುತ್ತಲೂ ಕಿರಿದಾಗಿದ್ದರೆ ಕೈ ಡ್ರಿಲ್ ಬೇಡ, ಬಿಟ್ ಸಿಕ್ಕಿಕೊಂಡು ರಂಧ್ರ ಅಂಡಾಕಾರವಾಗುತ್ತದೆ. ಬೈಕಂಪಾಡಿಯಲ್ಲೋ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲೋ ಕಂಬದ ಡ್ರಿಲ್ ಇರುವ ಲೇತ್ ಅಂಗಡಿಗೆ ಒಯ್ದು 8.5 ಮಿ.ಮೀ.ಗೆ ಹಿಗ್ಗಿಸಿ. 9 ಮಿ.ಮೀ. ದಾಟಿಸಿದರೆ ಮಾತ್ರ ಹೆಡ್ ನಡುವಿಗೆ ಕೂರುವುದು ಅದೃಷ್ಟಕ್ಕೆ ಬಿಟ್ಟದ್ದಾಗುತ್ತದೆ.

ಸ್ಟಡ್ ತಾಗದೆಯೂ ನಿಲ್ಲುವ ಹೆಡ್ಡಿನ ವಿಷಯಕ್ಕೆ ಬರೋಣ. ಕೆಲವು ಹೆಡ್‌ಗಳ ತಳದಲ್ಲಿ ಸಿಲಿಂಡರಿನೊಳಗೆ ಇಳಿಯುವ ಮೆಟ್ಟಿಲಿನಂಥ ಅಂಚು ಇರುತ್ತದೆ. ಅದರ ವ್ಯಾಸವನ್ನೂ ಅದು ಕೂರುವ ಜಾಗದ ವ್ಯಾಸವನ್ನೂ ಅಳೆದು, ಒಂದೆರಡು ದಶಾಂಶ ಮಿ.ಮೀ. ಸಡಿಲವಿದೆಯೇ ಎಂದು ನೋಡಿ. ಸಿಲಿಂಡರಿನ ಮೇಲ್ತುದಿಯಲ್ಲಿ ಕಟ್ಟಿದ ಕಾರ್ಬನ್ ಬಳೆಯನ್ನು ಮರದ ಚಕ್ಕೆಯಿಂದ ಕೆರೆದ ಮೇಲೆಯೇ ಅಳೆಯಬೇಕು. ಆರ್‌ಎಕ್ಸ್ 100ರ ಬೋರಿನ ವ್ಯಾಸ 50 ಮಿ.ಮೀ., ಆರ್‌ಎಕ್ಸ್ 135ರದ್ದು 58 ಮಿ.ಮೀ. ಹೀಗಿರುವಾಗ ಎರಡಕ್ಕೂ ಆಗುತ್ತದೆ ಎಂದು ಮಾರುವ ಹೆಡ್ಡನ್ನು ನಾನಂತೂ ನಂಬುವುದಿಲ್ಲ. ಅಂಚು ನಿಜಕ್ಕೂ ದೊಡ್ಡದಿದ್ದರೆ ಅದು ಲೇತಿನ ಕೆಲಸ, ಅರದಿಂದ ಉಜ್ಜಿದರೆ ನಡುಬಿಂದು ತಪ್ಪುತ್ತದೆ. ಅಂಚು ದಹನ ಚೇಂಬರಿನ ನಡುವಿಗೇ ಇಲ್ಲದ ಹೆಡ್ಡನ್ನು ಅಂಗಡಿಗೆ ಹಿಂತಿರುಗಿಸುವುದೇ ಜಾಣತನ.

ಎಳೆದು ಕೂರಿಸಿದ ಹೆಡ್ ಈಗಾಗಲೇ ಸಿಕ್ಕಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ನಟ್‌ಗಳನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಸಡಿಲಿಸಿ, ಪ್ಲಗ್ ಹಾಕಿಯೇ ಇಟ್ಟು, ಕ್ಯಾಪ್ ಕಳಚಿ ಇಗ್ನಿಷನ್ ಆಫ್ ಮಾಡಿ ಕಿಕ್ ಹೊಡೆದರೆ ಕಂಪ್ರೆಷನ್ನೇ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನಿಂದಲೇ ಉದ್ದ ಸ್ಟಡ್ ಬರುವ ಎಂಜಿನ್‌ಗಳಲ್ಲಿ ಸಿಲಿಂಡರೂ ಜೊತೆಗೆ ಎದ್ದೀತು, ಹಾಗೆ ಎದ್ದರೆ ತಳದ ಗ್ಯಾಸ್ಕೆಟ್ಟನ್ನೂ ಬದಲಿಸಬೇಕಾಗುತ್ತದೆ.

ಹೆಡ್ ಸಲೀಸಾಗಿ ಇಳಿಯತೊಡಗಿದ ಮೇಲೆ ಮೂರು ಪರೀಕ್ಷೆ ಬಾಕಿ ಇವೆ. ತಳವನ್ನು ದಪ್ಪ ಗಾಜಿನ ಮೇಲಿಟ್ಟರೆ 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಎಲ್ಲಿಯೂ ನುಗ್ಗಬಾರದು. ಪ್ಲಗ್ಗಿನ ಥ್ರೆಡ್ ಉದ್ದ 12.7 ಮಿ.ಮೀ.ಯೋ 19 ಮಿ.ಮೀ.ಯೋ ಎಂದು ಹೊಸ ಹೆಡ್ಡಿಗೆ ಹೊಂದಿಸಿ ನೋಡಬೇಕು, ಉದ್ದ ಪ್ಲಗ್ ಪಿಸ್ಟನ್ನಿಗೆ ಬಡಿಯುತ್ತದೆ. ಮೂರನೆಯದೇ ಮುಖ್ಯವಾದುದು. ಗ್ಯಾಸ್ಕೆಟ್ ಹಾಕಿ, ಪಿಸ್ಟನ್ನಿನ ಮೇಲೆ, ಅದನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ ನೇರಕ್ಕೆ, ಎರಡೂ ಅಂಚಿಗೆ ಒಂದೂವರೆ ಮಿ.ಮೀ. ಸಾಲ್ಡರ್ ತಂತಿಯ ತುಂಡುಗಳನ್ನು ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಕಿಕ್ಕರನ್ನು ಕೈಯಿಂದ ನಿಧಾನಕ್ಕೆ ಒತ್ತಿ ಪಿಸ್ಟನ್ನನ್ನು ತುತ್ತತುದಿ ದಾಟಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಸ್ಕ್ವಿಶ್ ಅಂತರ, ಅಂದರೆ ತುತ್ತತುದಿಯಲ್ಲಿ ಪಿಸ್ಟನ್ನಿನ ಅಂಚಿಗೂ ಹೆಡ್ಡಿಗೂ ಉಳಿಯುವ ಸಂದು. ದಿನವೂ ಓಡಿಸುವ 100 ಸಿಸಿ ಗಾಡಿಗೆ ಸುಮಾರು 1 ಮಿ.ಮೀ. ಇದ್ದರೆ ನೆಮ್ಮದಿ, 0.7ಕ್ಕಿಂತ ಕಡಿಮೆ ಬಂದರೆ ಆ ಹೆಡ್ಡನ್ನು ಹಾಗೆಯೇ ಓಡಿಸಬೇಡಿ. ಎರಡು ಪಕ್ಕದ ಅಳತೆ ಬೇರೆ ಬೇರೆ ಬಂದರೆ ಹೆಡ್ ಇನ್ನೂ ಎಲ್ಲಿಯೋ ಸಿಕ್ಕಿಕೊಂಡೇ ಇದೆ, ಮಸಿ ಡಬ್ಬಿಯನ್ನು ಮತ್ತೆ ತೆಗೆಯಿರಿ.

ಬಿಗಿಯುವಾಗ ಹೊಸ ಗ್ಯಾಸ್ಕೆಟ್ ಬಳಸಿ, ಎದುರುಬದುರಾಗಿ, ಮೂರು ಹಂತಗಳಲ್ಲಿ ಬಿಗಿಯಿರಿ. 8 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು, ಆದರೂ ಆಯಾ ಗಾಡಿಯ ಸರ್ವಿಸ್ ಪುಸ್ತಕದ ಅಂಕೆಯೇ ಅಂತಿಮ. ಥ್ರೆಡ್ಡಿಗೆ ಎಣ್ಣೆ ಹಚ್ಚಿದರೆ ಅದೇ ಅಂಕೆಗೆ ಬಿಗಿತ ಹೆಚ್ಚಾಗಿಬಿಡುತ್ತದೆ, ಆದ್ದರಿಂದ ಗ್ರೀಸ್ ಸ್ಟಡ್‌ನ ನಡುಭಾಗಕ್ಕೆ ಮಾತ್ರ ಇರಲಿ. ಮುಂದಿನ ಮಳೆಗಾಲದ ತುಕ್ಕಿಗೂ ಅದು ತಡೆ. ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಟಾರ್ಕ್ ಮತ್ತೆ ನೋಡಿ, ಸೇರುವೆಯ ಸುತ್ತ ಸೋಪಿನ ನೀರು ಹಚ್ಚಿ ಕಿಕ್ ಹೊಡೆಯಿರಿ. ಗುಳ್ಳೆ ಎದ್ದರೆ ಆ ಮೂಲೆಯ ನಟ್ಟನ್ನು ಇನ್ನಷ್ಟು ತಿರುಪಲು ಹೋಗದೆ, ಹೆಡ್ಡನ್ನು ಬಿಚ್ಚಿ ಆ ಮೂಲೆಯ ಸ್ಟಡ್ಡನ್ನೂ ರಂಧ್ರವನ್ನೂ ಇನ್ನೊಮ್ಮೆ ಪರೀಕ್ಷಿಸಿ.