ಜಾಕೆಟ್ ಆಮೇಲೆ, ಮೊದಲು ಗಾಳಿಯ ದಿಕ್ಕು: ಶಿಕಾಗೋ ದಂಡೆಗೆ ಬಂದವರಿಗೆ

ಶಿಕಾಗೋಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಚಳಿಯ ವಿಚಾರ. ಮೈನಸ್ ಎಷ್ಟಕ್ಕೆ ಇಳಿಯುತ್ತದೆ, ಯಾವ ಜಾಕೆಟ್ ಕೊಳ್ಳಬೇಕು? ಜಾಕೆಟ್ ಹೇಗೋ ಆಗುತ್ತದೆ. ಇಲ್ಲಿನ ಮಿಶಿಗನ್ ಸರೋವರದ ಪಕ್ಕ ಮನೆ ಹಿಡಿಯುವವರಾದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದನ್ನು ಮೊದಲು ರೂಢಿ ಮಾಡಿಕೊಳ್ಳಿ.

ಸರೋವರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಊರ ಕೆರೆ. ಮಿಶಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಉತ್ತರದಿಂದ ದಕ್ಷಿಣಕ್ಕೆ 490 ಕಿಲೋಮೀಟರಿಗೂ ಹೆಚ್ಚು ಉದ್ದ. ನಾವಿರುವುದು ಅದರ ದಕ್ಷಿಣ ತುದಿಯಲ್ಲಿ. ಪಶ್ಚಿಮದ ಗಾಳಿ ಎಷ್ಟೇ ಅಬ್ಬರಿಸಲಿ, ಅಲೆಯನ್ನು ನಮ್ಮಿಂದ ದೂರ ತಳ್ಳುತ್ತದೆ. ಉತ್ತರದ, ಈಶಾನ್ಯದ ಗಾಳಿ ಹಾಗಲ್ಲ. ನೂರಾರು ಕಿಲೋಮೀಟರ್ ಬರೀ ನೀರಿನ ಮೇಲೆ ಓಡಿ ಬಂದು, ದಾರಿಯುದ್ದಕ್ಕೂ ಅಲೆಯನ್ನು ಬೆಳೆಸುತ್ತಾ, ನೀರನ್ನೆಲ್ಲ ನಮ್ಮ ಮೂಲೆಗೆ ಒತ್ತರಿಸುತ್ತದೆ.

ನನಗೆ ಇದು ಅರ್ಥವಾದದ್ದು 2020ರ ಜನವರಿ 11ರ ಶನಿವಾರ. ಆಗ ನಾವು ನಗರದ ಉತ್ತರ ಅಂಚಿನ ರೋಜರ್ಸ್ ಪಾರ್ಕಿನಲ್ಲಿದ್ದೆವು. ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕುಳಿತಿದ್ದೆ. ಬೀದಿಯ ಕೊನೆಯಿಂದ ದಬ್, ದಬ್ ಎಂದು ಯಾರೋ ಲಾರಿಯಿಂದ ಜಲ್ಲಿ ಸುರಿದಂತೆ ಸದ್ದು. ಹೋಗಿ ನೋಡಿದರೆ ಅಲೆಗಳು ಕಾಂಕ್ರೀಟ್ ಗೋಡೆಯನ್ನು ಹಾರಿ ರಸ್ತೆಗೆ ಬೀಳುತ್ತಿದ್ದವು. ನಿಲ್ಲಿಸಿದ್ದ ಕಾರುಗಳ ಚಕ್ರದ ಸುತ್ತ ಮರಳು. ನಮ್ಮ ಮೇಲಿನ ಮಹಡಿಯಲ್ಲಿದ್ದ ಉಳ್ಳಾಲದವರೊಬ್ಬರು ಛತ್ರಿ ಮಡಚಿ ಹಿಡಿದು ನಿಂತಿದ್ದರು. “ಇದು ಕಡಲ್ಕೊರೆತವೇ ಮಾರಾಯರೇ. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ, ಇಲ್ಲಿ ಪುಷ್ಯದಲ್ಲಿ, ಅಷ್ಟೇ” ಎಂದರು. ಅವರ ಮಾತು ಸರಿಯಾಗಿತ್ತು. ಆ ಭಾಗದ ಪುಟ್ಟ ಬೀಚುಗಳಲ್ಲಿ ಕೆಲವು ಈಗ ಬೀಚುಗಳಲ್ಲ. ಉಳ್ಳಾಲದಂತೆಯೇ ಅಲ್ಲೂ ಬಂಡೆ ಸುರಿದಿದ್ದಾರೆ.

ಅಂದು ನಮ್ಮ ಕಟ್ಟಡದ ನೆಲಮಾಳಿಗೆಗೂ ನೀರು ಬಂತು. ಬಾಡಿಗೆದಾರರಿಗೆಂದು ಕೊಟ್ಟಿದ್ದ ತಂತಿಬಲೆಯ ಗೂಡಿನಲ್ಲಿ ನಮ್ಮ ಎರಡು ಸೂಟ್‌ಕೇಸುಗಳಿದ್ದವು. ತೆರೆದಾಗ ಕಡುನೀಲಿ ಮೈಸೂರು ರೇಷ್ಮೆಯ ಬಣ್ಣ ಅದರ ಕೆಳಗಿದ್ದ ಸಾಸಿವೆ ಹಳದಿ ಸೀರೆಯ ಮೇಲೆ ಭೂಪಟ ಬರೆದಿತ್ತು. ಬಾಡಿಗೆದಾರರ ವಿಮೆ ಇತ್ತಲ್ಲ ಎಂದು ಧೈರ್ಯದಿಂದ ಫೋನು ಮಾಡಿದೆ. ಅದರಲ್ಲಿ ಪ್ರವಾಹ ಸೇರಿಲ್ಲ ಎಂಬ ಉತ್ತರ ಬಂತು.

ಈ ದೇಶದಲ್ಲಿ ಸಾಮಾನ್ಯ ಮನೆ ವಿಮೆಯಾಗಲಿ ಬಾಡಿಗೆದಾರರ ವಿಮೆಯಾಗಲಿ ಪ್ರವಾಹದ ನಷ್ಟ ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪ್ರವಾಹ ವಿಮೆ ಬೇಕು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಅದನ್ನು ಮಾಡಿಸಿದರೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಅದು ಜಾರಿಗೆ ಬರುತ್ತದೆ. ಬಿರುಗಾಳಿಯ ಮುನ್ಸೂಚನೆ ನೋಡಿ ವಿಮೆ ಮಾಡಿಸುವ ಜಾಣತನಕ್ಕೆ ಇಲ್ಲಿ ಜಾಗವಿಲ್ಲ. ಅದರಲ್ಲೂ ನೆಲಮಾಳಿಗೆಯಲ್ಲಿಟ್ಟ ಸಾಮಾನಿಗೆ ರಕ್ಷಣೆ ತೀರಾ ಕಡಿಮೆ. ಚರಂಡಿ ತುಂಬಿ ನೀರು ಹಿಮ್ಮುಖವಾಗಿ ಮನೆಯೊಳಗೆ ನುಗ್ಗಿದರೆ ಅದು ಬೇರೆಯೇ ಲೆಕ್ಕ. ಅದನ್ನು ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಇನ್ನು ಜಾಹೀರಾತಿನಲ್ಲಿ ‘ಗಾರ್ಡನ್ ಅಪಾರ್ಟ್‌ಮೆಂಟ್’ ಎಂದಿದ್ದರೆ ತೋಟ, ಹೂವು ಎಂದು ಹಿಗ್ಗಬೇಡಿ. ಶಿಕಾಗೋದಲ್ಲಿ ಹಾಗೆಂದರೆ ಅರ್ಧ ನೆಲದೊಳಗಿರುವ ಮನೆ. ಬಾಡಿಗೆ ಕಡಿಮೆ ಎಂಬುದು ನಿಜ. ಸಹಿ ಹಾಕುವ ಮುಂಚೆ ಗೋಡೆಯ ಬುಡದಲ್ಲಿ ನೀರು ನಿಂತ ಗೆರೆ ಇದೆಯೇ ಎಂದು ಬಗ್ಗಿ ನೋಡಿ, ನೀರೆತ್ತುವ ಪಂಪ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ.

ಕಡುಚಳಿಯ ವರ್ಷವೇ ಅಪಾಯದ ವರ್ಷ ಎಂದುಕೊಂಡರೆ ತಪ್ಪಾಗುತ್ತದೆ. ದಡದ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಅಲೆ ಮರಳನ್ನು ಮುಟ್ಟಲಾರದು. ಬೆಚ್ಚಗಿನ ಚಳಿಗಾಲದಲ್ಲಿ ಆ ಕವಚವಿರುವುದಿಲ್ಲ. ಅದರ ಜೊತೆಗೆ ಸರೋವರದ ಮಟ್ಟವೂ ಸೇರಿಕೊಳ್ಳುತ್ತದೆ. 2013ರ ಜನವರಿಯಲ್ಲಿ ದಾಖಲೆಯ ತಳ ಕಂಡ ನೀರು 2020ರ ಬೇಸಿಗೆಯ ಹೊತ್ತಿಗೆ ಸುಮಾರು ಆರು ಅಡಿ ಏರಿತ್ತು. ನಾವು ಬಾಡಿಗೆಗೆ ಹೋದಾಗ ಅಗಲವಾಗಿದ್ದ ಮರಳಿನ ದಂಡೆ ನಾಲ್ಕೇ ವರ್ಷದಲ್ಲಿ ಕಂಬಳಿಯಷ್ಟಾಗಿತ್ತು.

ದಡದ ಆ ಮಂಜುಗಡ್ಡೆಯ ಕವಚದ ಮೇಲೆ ಮಾತ್ರ ಕಾಲಿಡಬೇಡಿ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ ಫೋಟೋ ತೆಗೆಸುವ ಆಸೆ ಯಾರಿಗಿರುವುದಿಲ್ಲ? ಆದರೆ ದಡದಿಂದ ಚಾಚಿಕೊಂಡ ಆ ಬಿಳಿಯ ಬಯಲು ನೆಲವಲ್ಲ, ಒಂದೇ ಹಾಸಿನ ಗಟ್ಟಿ ಗಡ್ಡೆಯೂ ಅಲ್ಲ. ಅಲೆಗಳು ತಂದು ಪೇರಿಸಿದ ಚೂರುಗಳು, ಮೇಲೆ ಹಿಮದ ಹೊದಿಕೆ, ನಡುವೆ ಪೊಳ್ಳು. ಒಳಗೆ ಬಿದ್ದವರಿಗೆ ಹಿಡಿದು ಮೇಲೇರಲು ಅಂಚೇ ಸಿಗುವುದಿಲ್ಲ. ಯಾರಾದರೂ ಬಿದ್ದರೆ ನೀವು ಹಿಂದೆ ಹೋಗದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆಗಳನ್ನು ಮೊಬೈಲಿಗೆ ಬರುವಂತೆ ಮಾಡಿಕೊಳ್ಳಿ. ‘ಲೇಕ್‌ಶೋರ್ ಫ್ಲಡ್ ವಾಚ್’ ಎಂದರೆ ದಂಡೆಗೆ ಪ್ರವಾಹ ಬರಬಹುದು. ‘ವಾರ್ನಿಂಗ್’ ಎಂದರೆ ಬಂತು ಎಂದೇ ತಿಳಿಯಿರಿ. ‘ಅಡ್ವೈಸರಿ’ ಇವೆರಡಕ್ಕಿಂತ ಸೌಮ್ಯ. ಅಂಥ ದಿನ ಕಾರನ್ನು ಎರಡು ಬೀದಿ ಒಳಗೆ ನಿಲ್ಲಿಸಿ, ದಂಡೆಯ ಲೇಕ್ ಶೋರ್ ಡ್ರೈವ್ ಬಿಟ್ಟು ಬೇರೆ ದಾರಿ ಹಿಡಿಯಿರಿ. 2011ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ನೂರಾರು ವಾಹನಗಳು ರಾತ್ರಿಯಿಡೀ ಸಿಕ್ಕಿಕೊಂಡದ್ದು ಅದೇ ರಸ್ತೆಯಲ್ಲಿ.

ಮನೆ ಕೊಳ್ಳುವಷ್ಟು ಬೆಳೆದವರಿಗೆ ಇನ್ನೊಂದು ಮಾತು. ನಗರದ ಉತ್ತರಕ್ಕೆ ಹೈಲ್ಯಾಂಡ್ ಪಾರ್ಕ್, ಲೇಕ್ ಫಾರೆಸ್ಟ್ ಕಡೆ ದಂಡೆ ಎತ್ತರದ ಮಣ್ಣಿನ ದಿಬ್ಬವಾಗುತ್ತದೆ. ಮೇಲಿಂದ ನೋಟ ಚೆಲುವು, ಪ್ರವಾಹದ ಭಯವೂ ಇಲ್ಲ ಎನ್ನಿಸುತ್ತದೆ. ಅಲೆ ಕೊರೆಯುವುದು ಬುಡವನ್ನು. 2019ರ ಡಿಸೆಂಬರ್ ಕೊನೆಯಲ್ಲಿ ಆಚೆ ದಡದ ಮಿಶಿಗನ್ ರಾಜ್ಯದಲ್ಲಿ ಇಂಥದೇ ದಿಬ್ಬದ ಮೇಲಿದ್ದ ಮನೆಯೊಂದು ಇಡಿಯಾಗಿ ಕೆಳಗೆ ಬಿತ್ತು. ನಿಧಾನವಾಗಿ ಆಗುವ ಕೊರೆತಕ್ಕೆ ಪ್ರವಾಹ ವಿಮೆಯೂ ಹಣ ಕೊಡುವುದಿಲ್ಲ. ಏಜೆಂಟರು ಇಂಥ ಮನೆಗಳನ್ನು ಹಸಿರು ತುಂಬಿದ ಜುಲೈನಲ್ಲಿ ತೋರಿಸುತ್ತಾರೆ. ನೀವು ಎಲೆ ಉದುರಿದ ಮೇಲೆ, ಈಶಾನ್ಯದ ಗಾಳಿ ಬೀಸಿದ ಮಾರನೆಯ ದಿನ, ಹತ್ತಿರದ ಸಾರ್ವಜನಿಕ ಬೀಚಿಗೆ ಹೋಗಿ ಕೆಳಗಿನಿಂದ ನೋಡಿ: ಹಸಿ ಮಣ್ಣು ಕಾಣುತ್ತಿದೆಯೇ, ಮರಗಳು ನೀರಿನ ಕಡೆ ವಾಲಿವೆಯೇ, ಮಾಡಿನ ನೀರಿನ ಕೊಳವೆ ದಿಬ್ಬದ ಮೇಲೇ ಸುರಿಯುತ್ತಿದೆಯೇ. ನಾನು ಹಾಗೆ ನೋಡಲು ಹೋದ ಮೂರು ಮನೆಗಳಲ್ಲಿ ಒಂದರ ಮೆಟ್ಟಿಲು ಅರ್ಧಕ್ಕೇ ನಿಂತು ಗಾಳಿಯಲ್ಲಿ ತೂಗುತ್ತಿತ್ತು.