ಹಸಿರು ವಿದ್ಯುತ್ತಿಗೆ ಸರ್ಕಾರ ಮಾಡುವ ಖರ್ಚು: ನಾನು ಲೆಕ್ಕ ಹಾಕುವ ಬಗೆ

ಸೋಲಾರ್, ಗಾಳಿ ವಿದ್ಯುತ್ತಿಗೆ ಯಾವ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ಬಜೆಟ್ ಪುಸ್ತಕ ತೆಗೆದು ಇಂಧನ ಇಲಾಖೆಯ ಮುಂದಿರುವ ಮೊತ್ತ ಬರೆದುಕೊಂಡರೆ ಸಾಕಲ್ವಾ ಎಂದು ಹಲವರು ಕೇಳುತ್ತಾರೆ. ಸಾಲದು. ಅಲ್ಲಿ ಸಿಗುವುದು ಒಂದು ಪಾಲು ಮಾತ್ರ. ಅದಕ್ಕೇ ನನ್ನ ಎಕ್ಸೆಲ್ ಹಾಳೆಯಲ್ಲಿ ಪ್ರತಿ ದೇಶಕ್ಕೂ ಮೂರು ಕಾಲಂ: ಖಜಾನೆಯಿಂದ ಹೋದದ್ದು, ತೆರಿಗೆಯಲ್ಲಿ ಬಿಟ್ಟುಕೊಟ್ಟದ್ದು, ಕರೆಂಟ್ ಬಿಲ್ಲಿನ ಮೂಲಕ ಜನ ಕಟ್ಟಿದ್ದು.

ಮೊದಲನೆಯದು ಸುಲಭ. ಬಜೆಟ್ ದಿನ ಘೋಷಿಸಿದ ಮೊತ್ತವನ್ನು ನಂಬದೆ, ಆಮೇಲೆ ಬರುವ ವಾಸ್ತವ ಖರ್ಚನ್ನು ಹಿಡಿದರೆ ಆಯಿತು. ಜಾಗ ಸಿಗದೆ, ಟೆಂಡರ್ ತಡವಾಗಿ ಎಷ್ಟೋ ಹಣ ಹಾಗೇ ಉಳಿದಿರುತ್ತದೆ.

ತೆರಿಗೆ ರಿಯಾಯಿತಿಯದು ಬೇರೆ ಕಥೆ. ಅಮೆರಿಕದ 2022ರ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ಬಂದಾಗ ಇಂಧನ ಮತ್ತು ಹವಾಮಾನಕ್ಕೆ ಸುಮಾರು 370 ಶತಕೋಟಿ ಡಾಲರ್ ಎಂದು ಎಲ್ಲೆಡೆ ಸುದ್ದಿಯಾಯಿತು. ಅದರಲ್ಲಿ ದೊಡ್ಡ ಪಾಲು ತೆರಿಗೆ ರಿಯಾಯಿತಿ. ಷರತ್ತು ಪೂರೈಸಿದವರಿಗೆಲ್ಲ ಕೊಡಬೇಕು, ಹೆಚ್ಚಿನವಕ್ಕೆ ಒಟ್ಟು ಮಿತಿಯೇ ಇರಲಿಲ್ಲ. ಹಾಗಾಗಿ ಅದು ಬರೀ ಅಂದಾಜು. 2025ರಲ್ಲಿ ಇನ್ನೊಂದು ಕಾನೂನು ಅವುಗಳಲ್ಲಿ ಹಲವನ್ನು ಮೊಟಕು ಮಾಡಿತು. ಈ ಕಾಲಂನಲ್ಲಿ ನಾನು ಮೊತ್ತದ ಪಕ್ಕ ಅಂದಾಜು ಮಾಡಿದ ದಿನಾಂಕವನ್ನೂ ಬರೆಯುತ್ತೇನೆ. ದಿನಾಂಕ ಇಲ್ಲದ ಅಂದಾಜನ್ನು ಸೇರಿಸುವುದೇ ಇಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಬಿಲ್ಲಿನ ಕಾಲಂ. ಜರ್ಮನಿಯ 2000ದ ಕಾನೂನು ಹಸಿರು ವಿದ್ಯುತ್ ಉತ್ಪಾದಕರಿಗೆ 20 ವರ್ಷ ನಿಗದಿತ ದರ ಕೊಟ್ಟಿತು. ಆ ದರಕ್ಕೂ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸ ಗ್ರಾಹಕರ ಬಿಲ್ಲಿನಲ್ಲಿ ಸರ್‌ಚಾರ್ಜ್ (ಹೆಚ್ಚುವರಿ ಶುಲ್ಕ) ಆಗಿ ಬಂತು. 2014ರಲ್ಲಿ ಅದು ಯೂನಿಟ್‌ಗೆ 6.24 ಯೂರೋ ಸೆಂಟ್. ಆ ಹಣ ಆಗ ಸರ್ಕಾರದ ಬಜೆಟ್ ಮುಟ್ಟುತ್ತಲೇ ಇರಲಿಲ್ಲ. 2022ರ ಜುಲೈನಿಂದ ಸರ್‌ಚಾರ್ಜ್ ಹೋಯಿತು, ಹೊರೆ ಸರ್ಕಾರದ ಮೇಲೆ ಬಂತು. ಬಜೆಟ್ ಮಾತ್ರ ನೋಡುವವರಿಗೆ ಸರ್ಕಾರ ಇದ್ದಕ್ಕಿದ್ದಂತೆ ಧಾರಾಳಿಯಾದ ಹಾಗೆ ಕಾಣುತ್ತದೆ. ಕೊಡುವ ಜೇಬು ಬೇರೆಯಾಯಿತು, ಅಷ್ಟೆ.

ಬ್ರಿಟನ್ನಿನದು ಇನ್ನೂ ಮಜಾ. ಅಲ್ಲಿ ಹಸಿರು ವಿದ್ಯುತ್ ಕಂಪನಿಗಳ ಜೊತೆಗಿನ ಒಪ್ಪಂದದಲ್ಲಿ ಮಾರುಕಟ್ಟೆ ದರ ನಿಗದಿತ ದರಕ್ಕಿಂತ ಇಳಿದರೆ ಕಂಪನಿಗೆ ವ್ಯತ್ಯಾಸ ಕೊಡುತ್ತಾರೆ, ಏರಿದರೆ ಕಂಪನಿಯೇ ವಾಪಸ್ ಕೊಡಬೇಕು. 2021ರ ಕೊನೆಯಲ್ಲಿ ಗ್ಯಾಸ್ ಬೆಲೆಯ ಜೊತೆ ವಿದ್ಯುತ್ ದರವೂ ಗಗನಕ್ಕೇರಿದಾಗ ಹಣ ಹಿಂದಕ್ಕೆ ಹರಿಯಿತು. ಇಂಥ ಕಡೆ ಸೊನ್ನೆ ಹಾಕುವವರಿದ್ದಾರೆ. ನಾನು ಮೈನಸ್ ಚಿಹ್ನೆಯನ್ನೇ ಇಡುತ್ತೇನೆ. ಇಲ್ಲದಿದ್ದರೆ ಎಲ್ಲ ವರ್ಷಗಳ ಒಟ್ಟು ಖರ್ಚು ಸುಮ್ನೆ ಉಬ್ಬಿ ಕಾಣುತ್ತದೆ.